ಮಾತ್ರೆ ಶುರು ಮಾಡಿದ್ಮೇಲೆ ಟೈಮೇ ಬೇರೆ ಥರ ಓಡ್ತಿದೆ, ಇದು ನಿಜಾನಾ ನನ್ ಭ್ರಮೆನಾ?

ಹಾಲುಕ್ಕಿಸೋ ಹನುಮ

ಉದ್ದ ಪೋಸ್ಟು, ಮೊದಲೇ ಹೇಳ್ಬಿಡ್ತೀನಿ. ನಂಗೆ 34, ಬೆಂಗಳೂರಲ್ಲೇ ಕೆಲಸ. ಹೋದ ವರ್ಷ ಎಡಿಎಚ್‌ಡಿ (ಗಮನ ಒಂದ್ ಕಡೆ ನಿಲ್ಲದೇ ಇರೋ ತೊಂದ್ರೆ) ಅಂತ ಗೊತ್ತಾಯ್ತು, ಅದೂ ಹೆಂಗೆ ಅಂದ್ರೆ ಮಗಳು ಕ್ಲಾಸಲ್ಲಿ ಒಂದ್ ಕಡೆ ಕೂರಲ್ಲ ಅಂತ ಟೀಚರ್ ಹೇಳಿದ್ರು ಅಂತ ಅವಳನ್ನ ತೋರಿಸೋಕೆ ಹೋದ್ರೆ ಡಾಕ್ಟ್ರು ಅರ್ಧ ಗಂಟೆ ಆದ್ಮೇಲೆ ಅವಳನ್ನ ಬಿಟ್ಟು ನನ್ನನ್ನೇ ಪ್ರಶ್ನೆ ಕೇಳೋಕೆ ಶುರು ಹಚ್ಕೊಂಡ್ರು. ಆ ಕಥೆ ಇನ್ನೊಂದ್ಸಲ. ಈಗ ಆರು ವಾರದಿಂದ ಮೀಥೈಲ್‌ಫೆನಿಡೇಟ್ ಅನ್ನೋ ಅದರ ಮಾತ್ರೆ ತಗೋತಿದೀನಿ, ಬೆಳಿಗ್ಗೆ ಒಂದೇ ಒಂದು, ಇಡೀ ದಿನ ನಿಧಾನಕ್ಕೆ ಬಿಡುಗಡೆ ಆಗೋ ಥರದ್ದು, 18 ಎಂಜಿ.

ವಿಷಯ ಇದು. ನಾನು ಹುಟ್ಟಿದಾಗಿಂದ ಹಾಲುಕ್ಕಿಸೋನು. ಒಲೆ ಮೇಲೆ ಹಾಲಿಟ್ಟು "ಎರಡ್ ನಿಮಿಷ ಇದೆಯಲ್ಲ" ಅಂತ ಆಚೆ ಹೋದ್ರೆ ವಾಪಸ್ ಬರೋದು ಸುಟ್ಟ ವಾಸನೆ ಬಂದ್ಮೇಲೇನೆ. ನಂಗೆ ನಿಜವಾಗ್ಲೂ ಎರಡೇ ನಿಮಿಷ ಅನ್ಸಿರುತ್ತೆ, ಗಡಿಯಾರ ನೋಡಿದ್ರೆ ಹದಿನೈದು. ಮದುವೆ ಆಗಿ ಎಂಟು ವರ್ಷಕ್ಕೆ ಮೂರು ಪಾತ್ರೆ ತಳ ಹಿಡಿಸಿದೀನಿ, ಮನೆಯವಳು ಈಗ ಹಾಲಿನ ಜವಾಬ್ದಾರಿನೇ ಕಿತ್ಕೊಂಡಿದಾಳೆ.

ಮಾತ್ರೆ ಶುರು ಮಾಡಿ ಎರಡನೇ ವಾರ ಇರ್ಬೇಕು, ಅವಳು ಊರಿಗೆ ಹೋಗಿದ್ಲು. ಅರ್ಧ ಲೀಟರ್ ಪ್ಯಾಕೆಟ್ ಕತ್ತರಿಸಿ ಒಲೆ ಮೇಲಿಟ್ಟು ಬಾಲ್ಕನಿಗೆ ಬಟ್ಟೆ ಹರವೋಕೆ ಹೋದೆ. ನಾಲ್ಕನೇ ಶರ್ಟಿಗೆ ಕ್ಲಿಪ್ ಹಾಕ್ತಿದೀನಿ, ಅಲಾರಾಂ ಇಲ್ಲ ಏನಿಲ್ಲ, ತಲೇಲಿ ಯಾರೋ "ಈಗ ಹೋಗು" ಅಂದಂಗಾಯ್ತು. ಬಂದು ನೋಡ್ತೀನಿ, ಕೆನೆ ಅಂಚು ಬಿಟ್ಟು ಮಧ್ಯ ಗುಳ್ಳೆ ಬಂದು ಮೇಲಕ್ಕೇಳ್ತಿದೆ. ಗ್ಯಾಸ್ ಆಫ್ ಮಾಡಿ ಅಲ್ಲೇ ನಿಂತ್ಕೊಂಡೆ. ನಗ್ಬೇಡಿ, ಕಣ್ಣಲ್ಲಿ ನೀರು ಬಂತು. ಬೇರೆಯವ್ರಿಗೆಲ್ಲ ದಿನಾ ಹಿಂಗೇ ಇರುತ್ತಾ?

ಆದ್ರೆ ಮೊದಲನೇ ವಾರ ಇನ್ನೊಂಥರ ಇತ್ತು. ಎಲ್ಲಾ ನಿಧಾನ ಅನ್ಸೋದು. ಸಿಲ್ಕ್ ಬೋರ್ಡ್ ಹತ್ರ ಸಿಗ್ನಲ್ ಕೌಂಟರ್ 90ರಿಂದ ಇಳೀತಾ ಇದ್ರೆ ಮುಗಿಯೋದೇ ಇಲ್ಲ ಅನ್ಸೋದು, ಈಗ ಹಂಗೇನಿಲ್ಲ, ನಾರ್ಮಲ್. ಮತ್ತೆ ಸಂಜೆ ಏಳೂವರೆ ಮೇಲೆ ಮಾತ್ರೆ ಇಳೀತಿದ್ದಂಗೆ ಟೈಮ್ ಮತ್ತೆ ಬೆಣ್ಣೆ ಥರ ಕರಗಿ ಹೋಗುತ್ತೆ, ಫೋನ್ ಹಿಡ್ಕೊಂಡ್ರೆ ಹನ್ನೊಂದು.

ಡಾಕ್ಟ್ರನ್ನ ಕೇಳಿದ್ರೆ "ಗುಡ್, ಗುಡ್, ಕಂಟಿನ್ಯೂ" ಅಂದ್ರು. ನಂಗೆ ಅರ್ಥ ಆಗ್ಬೇಕಿರೋದು ಇಷ್ಟೇ, ಈ ಮಾತ್ರೆ ತಲೆ ಒಳಗಿರೋ ಗಡಿಯಾರವನ್ನೇ ಬದಲಾಯಿಸುತ್ತಾ, ಅಥವಾ ಗಮನ ಜಾಸ್ತಿ ಆಗಿದ್ರಿಂದ ಹಂಗೆ ಅನ್ಸುತ್ತಾ? ಮೊದಲನೇ ವಾರ ಯಾಕೆ ಬೇರೆ ಥರ ಇತ್ತು?

ಗಳಿಗೆ ಬಟ್ಟಲು

ಹನುಮಣ್ಣ, ಹಾಲಿನ ಕಥೆ ಓದಿ ಖುಷಿ ಆಯ್ತು. ನಾನು ಕೆಲವು ವರ್ಷ ಇಲಿ ಲ್ಯಾಬಲ್ಲಿ ಮಣ್ಣು ಹೊತ್ತವನು, ಪಿಎಚ್‌ಡಿ ಅರ್ಧಕ್ಕೆ ಬಿಟ್ಟೆ, ಆದ್ರೆ ಈ ವಿಷಯ ಮಾತ್ರ ಬಿಡೋಕಾಗ್ಲಿಲ್ಲ. ಉದ್ದ ಆಗುತ್ತೆ, ಕಾಫಿ ಇಟ್ಕೊಳ್ಳಿ, ಹಾಲು ನೋಡ್ಕೊಳ್ಳಿ.

ನನ್ ಹೆಸರಲ್ಲೇ ಉತ್ತರ ಇದೆ. ಹಳೇ ಕಾಲದಲ್ಲಿ ಗಳಿಗೆ ಅಳೀತಿದ್ದಿದ್ದು ಹೆಂಗೆ? ತಳದಲ್ಲಿ ಸೂಜಿ ತೂತು ಇರೋ ಬಟ್ಟಲನ್ನ ನೀರಿನ ಮೇಲೆ ತೇಲಿ ಬಿಡ್ತಿದ್ರು, ನೀರು ನಿಧಾನಕ್ಕೆ ಒಳಗೆ ಬಂದು ಬಟ್ಟಲು ಮುಳುಗಿದ್ರೆ ಒಂದು ಗಳಿಗೆ, ಅಂದ್ರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಪಕ್ಕದಲ್ಲಿ ಒಬ್ಬ ಕೂತಿರ್ತಿದ್ದ, ಮುಳುಗಿದ ತಕ್ಷಣ ಜಾಗಟೆ ಹೊಡೆದು ಬಟ್ಟಲನ್ನ ಎತ್ತಿ ಮತ್ತೆ ತೇಲಿಬಿಡೋಕೆ. ಈಗ ನೋಡಿ, ಲೆಕ್ಕ ತಪ್ಪೋಕೆ ಎರಡು ದಾರಿ. ಒಂದು, ತೂತು ದೊಡ್ಡದಾಗಿದ್ರೆ ಬಟ್ಟಲು ಬೇಗ ಮುಳುಗುತ್ತೆ. ಇನ್ನೊಂದು, ತೂತು ಸರಿಯಾಗೇ ಇದೆ ಆದ್ರೆ ಪಕ್ಕದವನು ತೂಕಡಿಸ್ತಿದಾನೆ. ನೀವು ಕೇಳ್ತಿರೋ ಪ್ರಶ್ನೆ ಇದೇ, ಮಾತ್ರೆ ತೂತು ಬದಲಾಯಿಸ್ತಾ ಪಕ್ಕದವನನ್ನ ಎಬ್ಬಿಸ್ತಾ ಅಂತ.

ವಿಜ್ಞಾನಿಗಳೂ ಹೆಚ್ಚುಕಮ್ಮಿ ಹಿಂಗೇ ಯೋಚ್ನೆ ಮಾಡಿದ್ರು. 1984ರಲ್ಲಿ ಗಿಬ್ಬನ್, ಚರ್ಚ್, ಮೆಕ್ ಅಂತ ಮೂರು ಜನ ಬರೆದಿದ್ದ ಮಾದರಿಲಿ ಮಿದುಳೊಳಗೆ ಟಿಕ್ ಟಿಕ್ ಅನ್ನೋ ಒಂದು ಮಿಡಿತ, ಆ ಟಿಕ್‌ಗಳನ್ನ ಕೂಡಿಸಿ ಇಟ್ಕೊಳೋ ಒಂದು ಪಾತ್ರೆ, ಹಳೇ ನೆನಪಿನ ಜೊತೆ ಹೋಲಿಸೋ ಒಂದು ತಕ್ಕಡಿ. ಮಧ್ಯದಲ್ಲಿ ಗಮನ ಅನ್ನೋ ಬಾಗಿಲು ಅಂತ ಆಮೇಲಿನವ್ರು ಸೇರಿಸಿದ್ರು, ಗಮನ ಬೇರೆ ಕಡೆ ಹೋದ್ರೆ ಟಿಕ್‌ಗಳು ಪಾತ್ರೆಗೆ ಬೀಳದೇ ಹೊರಗೆ ಚೆಲ್ಲಿ ಹೋಗುತ್ವೆ. ನೀವು ಹಾಲಿಟ್ಟು ಆಚೆ ಹೋಗಿ ಹದಿನೈದು ನಿಮಿಷಾನ ಎರಡು ಅಂದ್ಕೊಂಡಿದ್ದು ಅದೇ, ಚೆಲ್ಲಿ ಹೋಗಿದ್ದು.

ಇಲಿಗಳ ಕಥೆ ಹೇಳ್ತೀನಿ. ಲೈಟ್ ಹತ್ತಿ 40 ಸೆಕೆಂಡ್ ಆದ್ಮೇಲೆ ಸನ್ನೆ (ಲಿವರ್) ಒತ್ತಿದ್ರೆ ತಿಂಡಿ ಸಿಗುತ್ತೆ ಅಂತ ಅಭ್ಯಾಸ ಮಾಡಿಸಿದ್ರೆ ಇಲಿ ಸುಮಾರು 40ರ ಆಜುಬಾಜಿಗೆ ಜೋರಾಗಿ ಒತ್ತುತ್ತೆ. ಎಷ್ಟು ಕರೆಕ್ಟಾಗಿ ಅಂದ್ರೆ ನೋಡಿದ್ರೆ ನಾಚಿಕೆ ಆಗುತ್ತೆ, ನಮ್ಮ ಲ್ಯಾಬಲ್ಲಿ ನಾನೇ ಮೀಟಿಂಗಿಗೆ ಲೇಟು. ಅದಕ್ಕೆ ಮೆಥಾಂಫೆಟಮಿನ್ ಥರದ ಸ್ಟಿಮ್ಯುಲೆಂಟ್ (ಮಿದುಳನ್ನ ಚುರುಕು ಮಾಡೋ ಔಷಧಿ) ಕೊಟ್ರೆ 40 ಆಗೋ ಮುಂಚೆನೇ ಒತ್ತೋಕೆ ಶುರು ಮಾಡುತ್ತೆ, ಅಂದ್ರೆ ಒಳಗಿನ ಟಿಕ್ ಜೋರಾಗಿದೆ. ಡೋಪಮೈನ್ ಅಂದ್ರೆ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ಒಂದು ರಾಸಾಯನಿಕ, ಅದನ್ನ ತಡೆಯೋ ಹ್ಯಾಲೊಪೆರಿಡಾಲ್ ಕೊಟ್ರೆ ಉಲ್ಟಾ, ತಡವಾಗಿ ಒತ್ತುತ್ತೆ. 1981, 1983ರ ಹೊತ್ತಿಗೇ ಇದು ಗೊತ್ತಾಗಿತ್ತು.

ಇಲ್ಲಿ ನಿಮ್ಮ ಮೊದಲನೇ ವಾರ ಬರುತ್ತೆ. ಒಳಗಿನ ಟಿಕ್ ಜೋರಾದ್ರೆ ಹೊರಗಿನ ಟೈಮ್ ನಿಧಾನ ಅನ್ಸುತ್ತೆ. ದಿನಾ ಔಷಧಿ ಕೊಟ್ಕೊಂಡೇ ಅಭ್ಯಾಸ ಮುಂದುವರಿಸಿದ್ರೆ ಆ ಇಲಿ ಕೆಲವು ದಿನದಲ್ಲಿ ಮತ್ತೆ 40ಕ್ಕೆ ಬರುತ್ತೆ. ಹೊಸ ವೇಗಕ್ಕೆ ತಕ್ಕಂಗೆ ನೆನಪಿನ ಲೆಕ್ಕ ತಿದ್ಕೊಳ್ಳುತ್ತೆ. ಔಷಧಿ ನಿಲ್ಲಿಸಿದ್ರೆ ಈಗ ಎದುರು ದಿಕ್ಕಿಗೆ ತಪ್ಪುತ್ತೆ, ತಡವಾಗಿ ಒತ್ತುತ್ತೆ, ಆಮೇಲೆ ಅದೂ ಸರಿ ಹೋಗುತ್ತೆ. ನಿಮ್ಮ ಸಿಗ್ನಲ್ ಮೊದಲು ಎಳೆದು ಆಮೇಲೆ ನಾರ್ಮಲ್ ಆಗಿದ್ದು ಇದೇ ಥರ ಇದ್ದೀತು. ಹಂಗಂತ ನೀವು ಇಲಿ ಅಲ್ಲ, ಇಲಿಗೆ ಕೊಟ್ಟಿದ್ದೂ ನಿಮ್ಮ ಮಾತ್ರೆ ಅಲ್ಲ, ಇದು ನನ್ ಊಹೆ ಅಂತ ಇಟ್ಕೊಳ್ಳಿ.

ಈಗ ತಲೆನೋವಿನ ಭಾಗ. 2016ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನ ಒಂದು ಗುಂಪು ಚಿಕ್ಕಿಲಿಗಳಿಗೆ ಎರಡು ಶಬ್ದ ಕೇಳಿಸಿ, ಮಧ್ಯದ ಗ್ಯಾಪ್ ಒಂದೂವರೆ ಸೆಕೆಂಡಿಗಿಂತ ಜಾಸ್ತಿನಾ ಕಮ್ಮಿನಾ ಅಂತ ಹೇಳೋದು ಕಲಿಸಿದ್ರು. ಆಮೇಲೆ ಮಿದುಳೊಳಗೆ ಬೆಳಕು ಹಾಯಿಸಿ ನೇರವಾಗಿ ಡೋಪಮೈನ್ ಕೋಶಗಳನ್ನೇ ಚುರುಕು ಮಾಡಿದ್ರು. ಹಳೇ ಲೆಕ್ಕದ ಪ್ರಕಾರ ಗಡಿಯಾರ ಜೋರಾಗ್ಬೇಕಿತ್ತಲ್ಲ, ಆಗಿದ್ದು ಉಲ್ಟಾ, ಇಲಿಗಳು "ಕಮ್ಮಿ ಟೈಮ್ ಆಗಿದೆ" ಅಂತ ಹೇಳೋಕೆ ಶುರು ಮಾಡಿದ್ವು. ನಾನು ಆ ಪೇಪರ್ ಓದಿದ್ ದಿನ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ. ಹಂಗಾಗಿ "ಡೋಪಮೈನ್ ಜಾಸ್ತಿ ಆದ್ರೆ ಗಡಿಯಾರ ಜೋರು" ಅನ್ನೋ ಒಂದ್ ಸಾಲಿನ ಉತ್ತರ ಯಾರಾದ್ರೂ ಕೊಟ್ರೆ ನಂಬ್ಬೇಡಿ, ಒಂದು ಕ್ಷಣದ ಡೋಪಮೈನ್ ಚಿಮ್ಮು ಬೇರೆ, ಇಡೀ ದಿನ ಹಿನ್ನೆಲೆಲಿ ಸ್ವಲ್ಪ ಏರಿ ನಿಂತಿರೋದು ಬೇರೆ.

ನಿಮ್ಮ ಹಾಲಿನ ವಿಷಯದಲ್ಲಿ ನನ್ ವೋಟು ಪಕ್ಕದಲ್ಲಿ ಕೂತಿರೋನಿಗೆ. ತೂತು ದೊಡ್ಡದಾಗಿ ಬಟ್ಟಲು ಬೇಗ ಮುಳುಗ್ತಿದ್ರೆ ನೀವು ಹಾಲು ಬಿಸಿಯಾಗೋ ಮುಂಚೆನೇ ಹತ್ತು ಸಲ ಓಡಿ ಬರ್ತಿದ್ರಿ. ನೀವು ಬಂದಿದ್ದು ಸರಿಯಾದ ಹೊತ್ತಿಗೆ.

ಧಾರವಾಡದಕಿ

ಹನುಮಣ್ಣಾರ, ನಮ್ಮ ಮಗಗ ಹತ್ತು ವರ್ಷ ರೀ, ಅವಂಗೂ ಇದ ಮಾತ್ರಿ. ಮೊದಲ ಅವಂಗ "ಐದ ನಿಮಿಷಕ್ಕ ಬಾ" ಅಂದ್ರ ಐದ ನಿಮಿಷ ಅಂದ್ರ ಏನಂತನ ಗೊತ್ತಾಗ್ತಿರ್ಲಿಲ್ಲ, ಸುಳ್ಳ ಹೇಳತಾನ ಅಂತ ನಾ ಎಷ್ಟ ಬೈದೇನೋ. ಡಾಕ್ಟ್ರ ಹೇಳಿದ್ರು, ಅವನ ಕಡೆ ಎರಡ ಟೈಮ್ ಅದಾವ್ರೀ, ಒಂದು ಈಗ, ಇನ್ನೊಂದು ಈಗಲ್ಲ, ಅಷ್ಟ. ಅದನ್ನ ಕೇಳಿದ ದಿನ ಮನ್ಯಾಗ ಬಂದು ಕುಂತು ಅತ್ತೆ.

ಈಗ ಸಾಲಿಂದ ಬಂದ ಕೂಡಲೇ ಹೋಂವರ್ಕ್ ಮಾಡ್ತಾನ, ಅದೂ ತಾನ "ಅವ್ವಾ ಅರ್ಧಾ ತಾಸ ಆತು" ಅಂತಾನ, ಗಡಿಯಾರ ನೋಡಿದ್ರ 25 ನಿಮಿಷ ಆಗಿರ್ತದ. ಆದ್ರ ಮಧ್ಯಾಹ್ನ ಊಟಾನ ಮಾಡೂದಿಲ್ಲ ರೀ, ಡಬ್ಬಿ ಕೊಟ್ಟಾಂಗ ವಾಪಸ್ ಬರ್ತದ. ಅದಕ್ಕ ಮುಂಜಾನೆ ಮಾತ್ರಿ ಮುಂಚೆ ತುಪ್ಪಾ ಹಾಕಿ ಎರಡ ರೊಟ್ಟಿ ತಿನ್ನಸ್ತೇನಿ, ರಾತ್ರಿ ಒಂಬತ್ತಕ್ಕ ಹಸಿವ್ಯಾಗತದ ಅವಂಗ, ಆಗ ಮತ್ತ ಅನ್ನ. ತೂಕ ಎತ್ತರ ಎರಡೂ ಡಾಕ್ಟ್ರ ಬರಕೋತಾರ. ನಿಮಗ ಹಸಿವಿ ಹೆಂಗದ?

ಮತ್ತ ಆ ಮಾತ್ರಿ ಸಿಗೂದ ಒಂದ ದೊಡ್ಡ ತಾಪತ್ರಯ ರೀ. ಮೂರ ಮೆಡಿಕಲ್ ಶಾಪ್ ತಿರಗಬೇಕು. ಒಬ್ಬಾಂವ ನಾನ ಏನೋ ಗಾಂಜಾ ಕೇಳಿದಂಗ ಮಾರಿ ನೋಡಿದ.

ನೈಟ್ ಡ್ಯೂಟಿ

ಧಾರವಾಡದ ಅಕ್ಕ, ಮೆಡಿಕಲ್ ಶಾಪ್ ಅವ್ರದ್ದು ಪೂರ್ತಿ ತಪ್ಪಲ್ಲ. ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಔಷಧಿ. ಅದಕ್ಕೆ ಬೇರೆ ಲೈಸೆನ್ಸ್ ಬೇಕು, ಬೀಗ ಹಾಕಿ ಇಡ್ಬೇಕು, ಡಾಕ್ಟ್ರು ಎರಡು ಪ್ರತಿ ಚೀಟಿ ಬರೀಬೇಕು, ಒಂದನ್ನ ಅಂಗಡಿಯವ್ರು ಎರಡು ವರ್ಷ ಇಟ್ಕೋಬೇಕು. ಹಂಗಾಗಿ ತುಂಬಾ ಜನ ಆ ಲೈಸೆನ್ಸ್ ಗೋಜಿಗೇ ಹೋಗಲ್ಲ. ಸಿಗೋ ಅಂಗಡಿ ಒಂದು ಸಿಕ್ಕಿದ್ರೆ ಅವ್ರ ನಂಬರ್ ಇಟ್ಕೊಂಡು ಮಾತ್ರೆ ಮುಗಿಯೋ ಒಂದು ವಾರ ಮುಂಚೆನೇ ಫೋನ್ ಮಾಡಿ ತರಿಸೋಕೆ ಹೇಳಿ.

(ಸೈಕಿಯಾಟ್ರಿ ಪಿಜಿ ಮಾಡ್ತಿದೀನಿ, ರಾತ್ರಿ ಮೂರಕ್ಕೆ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ.)

ನಾಟಿ ವೈದ್ಯದ ಅಭಿಮಾನಿ

ಇವೆಲ್ಲಾ ಈಗಿನ ಕಾಲದ ಕಾಯಿಲೆಗಳು. ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆಗೆ ಕಂಪನಿಯವರು ಮಾತ್ರೆ ಮಾಡಿ ಮಾರುತ್ತಿದ್ದಾರೆ. ಮಕ್ಕಳಿಗೆ ಅಮಲಿನ ಪದಾರ್ಥ ಕೊಡುವುದಾ? ಬೆಳಿಗ್ಗೆ ಎದ್ದು ಅರ್ಧ ಗಂಟೆ ಧ್ಯಾನ, ಒಂದೆಲಗದ ಚಟ್ನಿ, ಸಾಕು. ನನ್ನ ಕಾಲದಲ್ಲಿ ಯಾರಿಗೂ ಇರಲಿಲ್ಲ.

ನೈಟ್ ಡ್ಯೂಟಿ

ಸರ್, ಒಂದೆಲಗದ ಚಟ್ನಿ ನಂಗೂ ಇಷ್ಟ, ಧ್ಯಾನನೂ ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಮೊಬೈಲ್ ಬಂದ್ಮೇಲೆ ಅಂದ್ರಲ್ಲ, 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಅನ್ನೋ ಡಾಕ್ಟ್ರು ಮಕ್ಕಳಿಗೆ ಬೆಂಜೆಡ್ರಿನ್ ಅನ್ನೋ ಸ್ಟಿಮ್ಯುಲೆಂಟ್ ಕೊಟ್ಟಿದ್ರು. ಆಗ ಮಿದುಳಿನ ಎಕ್ಸ್‌ರೇ ತೆಗೆಯೋಕೆ ಬೆನ್ನುಹುರಿ ನೀರು ತೆಗೆದು ಗಾಳಿ ತುಂಬ್ತಿದ್ರು, ಆ ಮಕ್ಕಳಿಗೆ ಆಮೇಲೆ ಜೀವ ಹೋಗೋ ತಲೆನೋವು, ಅದಕ್ಕೆ ಏನಾದ್ರೂ ಆಗುತ್ತಾ ಅಂತ ಕೊಟ್ಟಿದ್ದು. ತಲೆನೋವಿಗೆ ಅಷ್ಟೇನೂ ಆಗ್ಲಿಲ್ಲ, ಆದ್ರೆ 30 ಮಕ್ಕಳಲ್ಲಿ 14 ಮಕ್ಕಳು ಪಾಠದಲ್ಲಿ ಇದ್ದಕ್ಕಿದ್ದಂಗೆ ಚುರುಕಾದ್ರು, ಮಕ್ಕಳೇ ಅದನ್ನ ಲೆಕ್ಕದ ಮಾತ್ರೆ ಅಂತ ಕರೆದ್ರಂತೆ. ಮೀಥೈಲ್‌ಫೆನಿಡೇಟ್ ಕೂಡ ಹೊಸದಲ್ಲ, 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಝೋನ್ ಮಾಡಿದ್ದು. ಅವರ ಹೆಂಡತಿ ಮಾರ್ಗರೀಟ್‌ಗೆ ಬಿಪಿ ಕಮ್ಮಿ, ಟೆನಿಸ್ ಆಡೋ ಮುಂಚೆ ತಗೋತಿದ್ರು, ಅವರ ಮುದ್ದು ಹೆಸರು ರೀಟಾ, ಅದರಿಂದಾನೇ ರಿಟಾಲಿನ್. ನಿಮ್ಮ ಕಾಲದಲ್ಲೂ ಇತ್ತು ಸರ್, ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಏಟು ತಿಂತಾ ಇತ್ತು.

ಅಮಲು ಅನ್ನೋ ವಿಷಯಕ್ಕೆ ಬರ್ತೀನಿ, ಇದನ್ನ ತುಂಬಾ ಜನ ಕೇಳ್ತಾರೆ. ನರಕೋಶ ಡೋಪಮೈನ್ ಹೊರಗೆ ಬಿಟ್ಮೇಲೆ ಅದನ್ನ ವಾಪಸ್ ಎಳ್ಕೊಳೋಕೆ ಒಂದು ಪಂಪ್ ಇರುತ್ತೆ. ಈ ಮಾತ್ರೆ ಆ ಪಂಪನ್ನ ತಡೆಯುತ್ತೆ, ಅಷ್ಟೇ, ಡೋಪಮೈನ್ ಸ್ವಲ್ಪ ಹೊತ್ತು ಜಾಸ್ತಿ ಅಲ್ಲೇ ನಿಲ್ಲುತ್ತೆ. ನಾರ್‌ಅಡ್ರಿನಲಿನ್ ಅನ್ನೋ ಇನ್ನೊಂದು ರಾಸಾಯನಿಕದ್ದೂ ಅದೇ ಕಥೆ. ಅಮೆರಿಕದ ಮಿದುಳು ವಿಜ್ಞಾನಿ ನೋರಾ ವೊಲ್ಕೊವ್ ಅವರ ತಂಡ 1990ರ ದಶಕದಲ್ಲಿ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿ ತೋರ್ಸಿದ್ರು, ಸಾಮಾನ್ಯ ಡೋಸ್ ಬಾಯಲ್ಲಿ ನುಂಗಿದ್ರೂ ಅರ್ಧಕ್ಕಿಂತ ಜಾಸ್ತಿ ಪಂಪ್ ಬ್ಲಾಕ್ ಆಗುತ್ತೆ. ಕೇಳಿದ್ರೆ ಭಯ ಆಗುತ್ತಲ್ವಾ, ಕೊಕೇನ್ ಕೂಡ ಅದೇ ಪಂಪನ್ನೇ ತಡೆಯೋದು. ವ್ಯತ್ಯಾಸ ಇರೋದು ವೇಗದಲ್ಲಿ. ಕೊಕೇನ್ ನಿಮಿಷಗಳಲ್ಲಿ ಮಿದುಳಿಗೆ ನುಗ್ಗುತ್ತೆ, ನುಂಗಿದ ಮಾತ್ರೆ ಮೇಲಕ್ಕೇರೋಕೆ ಒಂದು ಗಂಟೆ ಮೇಲೆ ತಗೊಳುತ್ತೆ, ಹನುಮಣ್ಣ ತಗೋತಿರೋ ಥರದ್ದು ಇನ್ನೂ ನಿಧಾನ. ಅಮಲು ಬರೋದು ಏರೋ ವೇಗಕ್ಕೆ. ಅದಕ್ಕೇ ಪುಡಿ ಮಾಡಿ ಮೂಗಿಗೆ ಏರಿಸೋದು ಅಪಾಯ, ಡಾಕ್ಟ್ರು ಹೇಳಿದಷ್ಟೇ ನುಂಗಿದ್ರೆ ಆ ಅಪಾಯ ತುಂಬಾ ಕಮ್ಮಿ.

ಮಿದುಳಲ್ಲಿ ಏನಾಗುತ್ತೆ ಅನ್ನೋದಕ್ಕೆ ಗಳಿಗೆ ಬಟ್ಟಲು ಅವ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ನಾವು ಸುಮ್ನೆ ಕೂತು ಹಗಲುಗನಸು ಕಾಣ್ತಿದ್ದಾಗ ಕೆಲಸ ಮಾಡೋ ಒಂದು ಜಾಲ ಇದೆ, 2001ರಲ್ಲಿ ಮಾರ್ಕಸ್ ರೇಕಲ್ ಅನ್ನೋ ಮಿದುಳು ವಿಜ್ಞಾನಿ ಅದಕ್ಕೆ ಡಿಫಾಲ್ಟ್ ಮೋಡ್ ಅಂತ ಹೆಸರಿಟ್ರು. ಕೆಲಸಕ್ಕೆ ಕೂತಾಗ ಅದು ತಣ್ಣಗಾಗ್ಬೇಕು. ಎಡಿಎಚ್‌ಡಿ ಇರೋರಲ್ಲಿ ಅದು ಪೂರ್ತಿ ತಣ್ಣಗಾಗಲ್ಲ, ಪಕ್ಕದ ಮನೇಲಿ ಟಿವಿ ಓಡ್ತಿರೋ ಹಂಗೆ ಓಡ್ತಾನೇ ಇರುತ್ತೆ, ಮಾತ್ರೆ ತಗೊಂಡಾಗ ವಾಲ್ಯೂಮ್ ಇಳಿಯೋದು ಸ್ಕ್ಯಾನಲ್ಲಿ ಕಂಡಿದೆ. ಇನ್ನೊಂದು, ಲಂಡನ್ನಿನ ಸಂಶೋಧಕಿ ಕಾಟ್ಯಾ ರೂಬಿಯಾ ಅವರು ಹುಡುಗರಿಗೆ ಟೈಮ್ ಅಂದಾಜು ಮಾಡೋ ಕೆಲಸ ಕೊಟ್ಟು ಸ್ಕ್ಯಾನ್ ಮಾಡಿದ್ರು. ಎಡಿಎಚ್‌ಡಿ ಹುಡುಗರಲ್ಲಿ ಬಲಗಡೆ ಹಣೆ ಹಿಂದಿನ ಭಾಗ ಸೇರಿ ಕೆಲವು ಕಡೆ ಚಟುವಟಿಕೆ ಕಮ್ಮಿ, ಮೀಥೈಲ್‌ಫೆನಿಡೇಟ್ ಒಂದೇ ಡೋಸಿಗೆ ಬೇರೆ ಹುಡುಗರ ಹತ್ರ ಹತ್ರ ಬಂತು. ಅಂದ್ರೆ "ಗಡಿಯಾರ" ಅಂತ ಒಂದು ಜಾಗ ಇಲ್ಲ. ಹಣೆ ಹಿಂದಿನದ್ದು, ಆಳದಲ್ಲಿರೋ ಸ್ಟ್ರಯೇಟಂ, ಹಿಂದೆ ಸೆರೆಬೆಲ್ಲಂ, ಎಲ್ಲಾ ಸೇರಿ ಮಾಡೋ ಕೆಲಸ.

ಕರೆ ಬಂತು, ವಾರ್ಡಿಗೆ ಹೋಗ್ಬೇಕು.

ಸಿಎ ಇಂಟರ್ ಮೂರನೇ ಸಲ

ಎಲ್ರೂ ಓದಿದೆ ಸೂಪರ್. ನಂಗೆ ಎಡಿಎಚ್‌ಡಿ ಇಲ್ಲ ಅನ್ಕೋತೀನಿ ಆದ್ರೆ ನಮ್ ಪಿಜಿ ಹಾಸ್ಟೆಲಲ್ಲಿ ಒಬ್ಬನ ಹತ್ರ ಈ ಮಾತ್ರೆ ಸ್ಟ್ರಿಪ್ ಇದೆ, ಎಕ್ಸಾಮ್‌ಗೆ ಎರಡು ವಾರ ತಗೊಂಡ್ರೆ ಟೈಮ್ ಮ್ಯಾನೇಜ್‌ಮೆಂಟ್ ಸರಿ ಹೋಗುತ್ತಾ, ಪೇಪರಲ್ಲಿ ಯಾವಾಗ್ಲೂ ಕೊನೇ ಎರಡು ಪ್ರಶ್ನೆ ಬಿಟ್ಟೋಗುತ್ತೆ

ಗಳಿಗೆ ಬಟ್ಟಲು

ತಮ್ಮ, ಬೇಡ. ಅವನ ಮಾತ್ರೆ ಅವನಿಗೆ ಲೆಕ್ಕ ಹಾಕಿ ಕೊಟ್ಟಿರ್ತಾರೆ, ನಿನ್ನ ಬಿಪಿ, ಹಾರ್ಟ್ ಯಾರೂ ನೋಡಿಲ್ಲ. ಅದನ್ನ ಬಿಡು, ನಿನ್ ಪ್ರಶ್ನೆಗೇ ನೇರ ಉತ್ತರ ಇದೆ. 2023ರಲ್ಲಿ ಒಂದು ಪ್ರಯೋಗ ಬಂತು, ಕಾಯಿಲೆ ಇಲ್ಲದ 40 ಜನ, 18ರಿಂದ 35 ವರ್ಷದವ್ರು. ಚೀಲದ ಲೆಕ್ಕ ಗೊತ್ತಲ್ಲ, ಇಷ್ಟು ತೂಕದ ಮಿತಿ ಇದೆ, ಯಾವ್ಯಾವ ಸಾಮಾನು ತುಂಬಿದ್ರೆ ಬೆಲೆ ಜಾಸ್ತಿ ಅಂತ, ಅಂಥದ್ದು ಕೊಟ್ರು. ಒಂದೊಂದ್ಸಲ ಮೀಥೈಲ್‌ಫೆನಿಡೇಟ್, ಡೆಕ್ಸ್‌ಆಂಫೆಟಮಿನ್, ಮೊಡಾಫಿನಿಲ್, ಮೂರೂ ಚುರುಕು ಮಾಡೋ ಥರದ್ದು, ಒಂದ್ಸಲ ಔಷಧಿ ಇಲ್ಲದ ಖಾಲಿ ಮಾತ್ರೆ. ಮಾತ್ರೆ ತಗೊಂಡಾಗ ಜನ ಜಾಸ್ತಿ ಹೊತ್ತು ಕೂತ್ರು, ಜಾಸ್ತಿ ಸಲ ಸಾಮಾನು ತೆಗೆದು ಹಾಕಿ ಮಾಡಿದ್ರು, ಆದ್ರೆ ಆ ಪ್ರಯತ್ನದ ಗುಣಮಟ್ಟ ಕೆಳಗಿಳೀತು, ಗೊತ್ತುಗುರಿ ಇಲ್ದೆ ಅದಲು ಬದಲು ಮಾಡಿದಂಗೆ. ಮಾಮೂಲಿಯಾಗಿ ಚೆನ್ನಾಗಿ ಮಾಡ್ತಿದ್ದೋರಿಗೇ ಹೊಡ್ತ ಜಾಸ್ತಿ. ಮೂರನೇ ಪ್ರಶ್ನೆಗೇ ಅಂಟಿಕೊಂಡು ಕೂತ್ರೆ ಕೊನೇ ಎರಡಲ್ಲ, ಕೊನೇ ನಾಲ್ಕು ಬಿಟ್ಟೋಗುತ್ತೆ. ಅದೂ ಅಲ್ದೆ ಚೀಟಿ ಇಲ್ದೆ ಇನ್ನೊಬ್ಬನ ಶೆಡ್ಯೂಲ್ ಎಕ್ಸ್ ಮಾತ್ರೆ ಜೇಬಲ್ಲಿ ಇಟ್ಕೊಳೋದು ಕಾನೂನು ಪ್ರಕಾರ ಏನು ಅಂತ ಸಿಎ ಓದೋನಿಗೆ ನಾನು ಹೇಳ್ಬೇಕಾಗಿಲ್ಲ.

ಮೂರು ಸಲನೂ ಹಿಂಗೇ ಆಗಿದ್ರೆ, ಮತ್ತೆ ಚಿಕ್ಕವನಿದ್ದಾಗಿಂದ್ಲೂ ಹಿಂಗೇ ಆಗಿದ್ರೆ, ಹೋಗಿ ತೋರಿಸ್ಕೋ.

ಸಿಎ ಇಂಟರ್ ಮೂರನೇ ಸಲ

ಸರಿ ಅಣ್ಣ. ಚಿಕ್ಕವನಿದ್ದಾಗಿಂದ್ಲೂ ಹಿಂಗೇ 😶

ಡಲ್ಲಾಸ್ ದೋಸೆ

ನಾನು ಟೆಕ್ಸಸ್‌ನಲ್ಲಿದೀನಿ, ಮೂಲ ಹಾಸನ. ಇಲ್ಲಿ ನಂಗೆ ಕೊಟ್ಟಿರೋದು ಆಡೆರಾಲ್, ಅದು ಆಂಫೆಟಮಿನ್, ಪಂಪ್ ತಡೆಯೋದಷ್ಟೇ ಅಲ್ಲ, ಡೋಪಮೈನ್ ಹೊರಗೂ ತಳ್ಳುತ್ತೆ, ಹಂಗಾಗಿ ಸ್ವಲ್ಪ ಬೇರೆ. ಊರಿಗೆ ಬರ್ಬೇಕಾದ್ರೆ ಒಂದು ಮಾತ್ರೆನೂ ತರಲ್ಲ, ಅಲ್ಲಿ ಅದು ಮಾರಾಟಕ್ಕೇ ಇಲ್ಲ, ಏರ್‌ಪೋರ್ಟಲ್ಲಿ ಯಾಕೆ ಬೇಕು ರಗಳೆ. ಮೂರು ವಾರ ಅಮ್ಮನ ಮನೇಲಿ ಮಾತ್ರೆ ಇಲ್ದೆ ಇರ್ತೀನಿ. ವಿಚಿತ್ರ ಏನಂದ್ರೆ ಅಲ್ಲಿ ಟೈಮ್ ಗೊತ್ತಾಗ್ದೇ ಇದ್ರೂ ಏನೂ ಕೆಡಲ್ಲ. ಆರಕ್ಕೆ ಹಾಲಿನವನು, ಎಂಟಕ್ಕೆ ಅಪ್ಪನ ರೇಡಿಯೋ, ಹನ್ನೊಂದಕ್ಕೆ ಸೊಪ್ಪಿನವಳು, ಒಂದೂವರೆಗೆ ಅಮ್ಮ ಊಟಕ್ಕೆ ಕೂಗ್ತಾಳೆ. ನನ್ ಗಡಿಯಾರ ಊರವ್ರೆಲ್ಲ ಸೇರಿ ಹೊತ್ಕೊಂಡಿರ್ತಾರೆ. ಇಲ್ಲಿ ಅಪಾರ್ಟ್‌ಮೆಂಟಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ್ರೆ ಒಂದು ಕಾಗೆ ಕೂಡ ಕೂಗಲ್ಲ.

2022ರ ಅಕ್ಟೋಬರಲ್ಲಿ ಇಲ್ಲಿ ಆಡೆರಾಲ್ ಕೊರತೆ ಅಂತ ಔಷಧಿಗಳನ್ನ ನೋಡ್ಕೊಳೋ ಸರ್ಕಾರಿ ಸಂಸ್ಥೆ ಎಫ್‌ಡಿಎನೇ ಹೇಳ್ತು, ಆಮೇಲೆ ಎಷ್ಟೋ ತಿಂಗಳು ಪರದಾಡಿದ್ವಿ. ಆಗ ನಾನು ಮಾಡಿದ್ದು ಇದೇ, ಗಂಟೆಗೊಂದ್ಸಲ ಹೊಡೆಯೋ ಗೋಡೆ ಗಡಿಯಾರ ತಂದೆ. ಪಕ್ಕದ ಮನೆಯವ್ರು ಕಂಪ್ಲೇಂಟ್ ಮಾಡಿದ್ರು, ಅದು ಬೇರೆ ಮಾತು.

ಹನುಮಣ್ಣ, ಸಂಜೆ ಕರಗೋದಕ್ಕೆ ಡಾಕ್ಟ್ರ ಹತ್ರ ಹೇಳಿ. ನೀವೇ ಇನ್ನೊಂದು ಮಾತ್ರೆ ಸಂಜೆ ಹಾಕ್ಕೊಂಡ್ರೆ ರಾತ್ರಿ ಎರಡಕ್ಕೆ ಫ್ಯಾನ್ ರೆಕ್ಕೆ ಎಣಿಸ್ತಾ ಇರ್ತೀರ, ನಾನು ಎಣಿಸಿದೀನಿ, ಮೂರು.

ಕುಡ್ಲದ ಬಂಗುಡೆ

ನಂಗೆ ಹಾಗೆಂತದ್ದೂ ಆಗ್ಲಿಲ್ಲ ಮಾರಾಯ್ರೆ. ಒಂದು ವರ್ಷ ಆಯ್ತು ತೆಗೊಳ್ಳಿಕ್ಕೆ ಶುರು ಮಾಡಿ. ಕೆಲಸ ಆಗ್ತದೆ, ಫೈಲ್ ಮುಗಿತದೆ, ಜಗಳ ಕಮ್ಮಿ ಆಗಿದೆ, ಆದ್ರೆ ಎಲ್ಲಿಗೆ ಹೋಗ್ಲಿಕ್ಕಿದ್ರೂ ಲೇಟೇ. ಮೊದ್ಲು ಫೋನ್ ನೋಡ್ತಾ ಲೇಟ್ ಆಗ್ತಿತ್ತು, ಈಗ ಬ್ಯಾಗ್ ಚಂದ ಜೋಡಿಸ್ತಾ ಲೇಟ್ ಆಗ್ತದೆ. ನಂಗೆ ಮಾತ್ರ ಎಂತ ಹೀಗೆ?

ಗಳಿಗೆ ಬಟ್ಟಲು

ನಿಮ್ಗೆ ಮಾತ್ರ ಅಲ್ಲ. 1997ರಲ್ಲೇ ರಸೆಲ್ ಬಾರ್ಕ್ಲಿ ಅನ್ನೋ ಮನಶ್ಶಾಸ್ತ್ರಜ್ಞರು ಎಡಿಎಚ್‌ಡಿ ಮಕ್ಕಳಿಗೆ ಬಲ್ಬ್ ಎಷ್ಟು ಹೊತ್ತು ಉರೀತೋ ಅಷ್ಟೇ ಹೊತ್ತು ಮತ್ತೆ ಉರ್ಸಿ ತೋರ್ಸು ಅನ್ನೋ ಥರದ ಪರೀಕ್ಷೆ ಮಾಡಿದ್ರು, ಮೀಥೈಲ್‌ಫೆನಿಡೇಟ್ ಕೊಟ್ರೂ ಅದರಲ್ಲಿ ಸುಧಾರಣೆ ಕಾಣ್ಲಿಲ್ಲ. ಬೇರೆ ಥರ ಅಳೆದವ್ರಿಗೆ ಕಂಡಿದೆ. ಅಳೆಯೋ ರೀತಿ ಮೇಲೆ ಉತ್ತರ ಬದಲಾಗುತ್ತೆ, ನಮ್ಮ ಫೀಲ್ಡಿನ ಹಣೆಬರಹ ಅದು. ಅದೂ ಅಲ್ದೆ ಕೆಲವು ಸೆಕೆಂಡ್ ಅಳೆಯೋದು ಬೇರೆ, "ಹತ್ತಕ್ಕೆ ಬಸ್ಸು, ಒಂಬತ್ತೂ ಕಾಲಿಗೆ ಸ್ನಾನ" ಅಂತ ಹಿಂದಕ್ಕೆ ಲೆಕ್ಕ ಹಾಕೋದು ಬೇರೆ, ಎರಡನೇದು ಕಲಿಯೋ ಅಭ್ಯಾಸ, ಅದನ್ನ ಮಾತ್ರೆ ತಂದು ಕೊಡಲ್ಲ.

ಇನ್ನೊಂದು ಇದೆ, ಅದನ್ನ ಯಾರೂ ಹೇಳ್ಲಿಲ್ಲ. ಬೇಜಾರು. ಬೇಜಾರಿನ ಕೆಲಸದಲ್ಲಿ ಟೈಮ್ ಎಳೆಯುತ್ತೆ, ಆಸಕ್ತಿ ಇದ್ರೆ ಓಡುತ್ತೆ. 2004ರಲ್ಲಿ ವೊಲ್ಕೊವ್ ತಂಡದವ್ರೇ ಆರೋಗ್ಯವಂತರಿಗೆ ಮಾತ್ರೆ ಕೊಟ್ಟು ಲೆಕ್ಕ ಮಾಡಿಸಿದ್ರು. ಮಾತ್ರೆ ತಗೊಂಡು ಲೆಕ್ಕ ಮಾಡ್ದಾಗ ಡೋಪಮೈನ್ ಏರ್ತು, ಸುಮ್ನೆ ಚಿತ್ರ ನೋಡ್ತಾ ಕೂತಾಗ ಹಂಗೆ ಏರ್ಲಿಲ್ಲ, ಮತ್ತೆ ಅದೇ ಲೆಕ್ಕ ಅವ್ರಿಗೆ ಜಾಸ್ತಿ ಇಂಟರೆಸ್ಟಿಂಗ್ ಅನ್ಸ್ತು. ಬಂಗುಡೆಯವ್ರಿಗೆ ಬ್ಯಾಗ್ ಜೋಡ್ಸೋದೇ ಇಂಟರೆಸ್ಟಿಂಗ್ ಆಗ್ಬಿಟ್ಟಿದೆ. ಬೆಳಿಗ್ಗೆ ಮಾತ್ರೆ ತಗೊಂಡ್ಮೇಲೆ ಯಾವ ಕೆಲಸದ ಮುಂದೆ ಕೂತಿರ್ತೀರೋ ಅದಕ್ಕೇ ಅಂಟ್ಕೋತೀರ, ಅದಕ್ಕೇ ಮಾತ್ರೆ ಏರೋ ಹೊತ್ತಿಗೆ ಫೋನ್ ಕೈಲಿ ಇರ್ಬಾರ್ದು.

ಹನುಮಣ್ಣ, ಒಂದು ಆಟ ಆಡಿ. ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿ ಕಣ್ಮುಚ್ಚಿ, ಎಣಿಸ್ಬೇಡಿ, ಒಂದು ನಿಮಿಷ ಆಯ್ತು ಅನ್ಸಿದಾಗ ನಿಲ್ಸಿ. ಐದ್ಸಲ. ಮಾತ್ರೆ ತಗೊಂಡು ಎರಡು ಗಂಟೆ ಆದ್ಮೇಲೆ ಒಂದಿನ, ಡಾಕ್ಟ್ರು ಬೇಡ ಅಂದಿರೋ ದಿನ ಏನಾದ್ರೂ ಇದ್ರೆ ಅವತ್ತು ಅದೇ ಹೊತ್ತಿಗೆ. ಇದಕ್ಕೋಸ್ಕರ ನೀವಾಗೇ ಮಾತ್ರೆ ಬಿಡ್ಬೇಡಿ.

ಹಾಲುಕ್ಕಿಸೋ ಹನುಮ

ತಡ ಆಯ್ತು, ಹತ್ತು ದಿನ ಆಯ್ತಂತೆ, ನಂಗೆ ಮೂರ್ನಾಲ್ಕು ದಿನ ಅನ್ಕೊಂಡಿದ್ದೆ 🙈

ಧಾರವಾಡದ ಅಕ್ಕ, ಹಸಿವು ನಂಗೂ ಮಧ್ಯಾಹ್ನ ಇಲ್ಲ, ರಾತ್ರಿ ಹನ್ನೊಂದಕ್ಕೆ ಅವಲಕ್ಕಿ ಡಬ್ಬ ಖಾಲಿ ಆಗುತ್ತೆ. ನಿಮ್ ರೊಟ್ಟಿ ಐಡಿಯಾ ಚೆನ್ನಾಗಿದೆ, ಚಪಾತಿಲಿ ಟ್ರೈ ಮಾಡ್ತಿದೀನಿ.

ಆಟ ಆಡಿದೆ. ಡಾಕ್ಟ್ರು ಭಾನುವಾರ ಬೇಕಿದ್ರೆ ಬಿಡಬಹುದು ಅಂದಿದ್ರು, ಹಂಗಾಗಿ ಭಾನುವಾರ ಮಾತ್ರೆ ಇಲ್ದೆ, ಸೋಮವಾರ ಮಾತ್ರೆ ಜೊತೆ, ಎರಡೂ ದಿನ ಬೆಳಿಗ್ಗೆ ಹತ್ತಕ್ಕೆ ಅದೇ ಕುರ್ಚಿ.

ಭಾನುವಾರ: 34, 41, 88, 37, 52.
ಸೋಮವಾರ: 51, 55, 49, 57, 53.

88 ಬಂದಾಗ ನಾನು ಅತ್ತೆ ಮನೆ ಗೃಹಪ್ರವೇಶಕ್ಕೆ ಶಾಮಿಯಾನದವನಿಗೆ ಅಡ್ವಾನ್ಸ್ ಕೊಟ್ನೋ ಇಲ್ವೋ ಅಂತ ಯೋಚ್ನೆ ಮಾಡ್ತಿದ್ದೆ. ಸ್ಟಾಪ್‌ವಾಚ್ ಇದೆ ಅನ್ನೋದೇ ಮರ್ತೋಗಿತ್ತು.

ಗಳಿಗೆ ಬಟ್ಟಲು

ಎರಡೇ ದಿನ, ಯಾವ ದಿನ ಮಾತ್ರೆ ತಗೊಂಡಿದೀರ ಅಂತ ನಿಮ್ಗೇ ಗೊತ್ತು, ಸೋಮವಾರದ ಹೊತ್ತಿಗೆ ಆಟನೂ ಅಭ್ಯಾಸ ಆಗಿತ್ತು, ಇಷ್ಟಕ್ಕೆ ಯಾವ ಗೈಡೂ ಒಪ್ಪಲ್ಲ. ಆದ್ರೂ ನೋಡಿ, ಸರಾಸರಿ ಹೆಚ್ಚುಕಮ್ಮಿ ಬದಲಾಗೇ ಇಲ್ಲ, ಭಾನುವಾರ 50ರ ಮೇಲೆ ಒಂದು ಚೂರು, ಸೋಮವಾರ 53. ಬದಲಾಗಿರೋದು ಚೆದುರು. ಭಾನುವಾರ 34ರಿಂದ 88, ಸೋಮವಾರ 49ರಿಂದ 57. ಎಡಿಎಚ್‌ಡಿ ಪೇಪರ್‌ಗಳಲ್ಲೂ ಮತ್ತೆ ಮತ್ತೆ ಬರೋದು ಇದೇ, ಟೈಮ್ ಒಂದೇ ದಿಕ್ಕಿಗೆ ತಪ್ಪೋದಕ್ಕಿಂತ ಸಲಕ್ಕೊಂಥರ ತಪ್ಪೋದು. ತೂತು ಅದೇ ಇದೆ ಅಣ್ಣ. ಭಾನುವಾರ ಪಕ್ಕದಲ್ಲಿ ಕೂತಿರೋನು ಶಾಮಿಯಾನದವನ ಹಿಂದೆ ಎದ್ದು ಹೋಗಿದ್ದ.

ಧಾರವಾಡದಕಿ

ನಮ್ಮ ಮಗಾನೂ ಆಟ ಆಡಿದ ರೀ, ಮಾತ್ರಿ ತಗೊಂಡ ಮ್ಯಾಲೆ. 58, 61, 60. ನಾನೂ ಆಡಿದೆ. 39, 44, 71. ಈಗ ಅಂವ ನನ್ನ ನೋಡಿ ನಗಾಕತ್ತಾನ.

ನೈಟ್ ಡ್ಯೂಟಿ

ಅಕ್ಕ, ಒಂದ್ಸಲ ನೀವೂ ತೋರಿಸ್ಕೊಳ್ಳಿ, ತಮಾಷೆ ಅಲ್ಲ. ಹನುಮಣ್ಣಂಗೂ ಮಗಳ ದೆಸೆಯಿಂದಾನೇ ಅಲ್ವಾ ಗೊತ್ತಾಗಿದ್ದು, ಇದು ಮನೆತನದಲ್ಲಿ ಬರೋದು ಜಾಸ್ತಿ.

ಹಾಲುಕ್ಕಿಸೋ ಹನುಮ

ಎಲ್ರಿಗೂ ಥ್ಯಾಂಕ್ಸ್. ಶಾಮಿಯಾನದವನಿಗೆ ಫೋನ್ ಮಾಡಿದೆ, ಅಡ್ವಾನ್ಸ್ ಕೊಟ್ಟಿರ್ಲಿಲ್ಲ.